ಸ್ಪೇಸ್ ಕೀ ಒತ್ತಿದ ಸಂಜೆಗಳು

ಅವನನ್ನು ಮೊದಲ ಸಲ ನೋಡಿದಾಗ ಗುಜರಿಯವನು ಅಂದುಕೊಂಡು ಬೈದುಬಿಟ್ಟೆ.

ತಪ್ಪು ಪೂರ್ತಿ ನನ್ನದಲ್ಲ. "ಹಳೆಯ ಕಂಪ್ಯೂಟರ್ ಇದೆ, ಹೆಣಭಾರ, ಬೇಕಾದವರು ಹೊತ್ತುಕೊಂಡು ಹೋಗಬಹುದು" ಎಂದು ಜಾಹೀರಾತು ಹಾಕಿದ್ದೆ. ವಿಷಯ ತಿಳಿದು ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟಳು. ಅವಳು ಮಾತು ಬಿಟ್ಟರೆ ನನಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಕೈ ಬರುವುದಿಲ್ಲ. ಜಾಹೀರಾತು ತೆಗೆದುಹಾಕಿದೆ. ಆದರೂ ಸಂಜೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಗ್ರೀಸ್ ಮೆತ್ತಿದ ಅಂಗಿ, ಹೆಗಲಲ್ಲಿ ದೊಡ್ಡ ಚೀಲ.

"ಕೊಡಲ್ಲ ರೀ, ಹೋಗಿ. ನಿಮ್ಮ ಗುಜರಿಗೆ ಬೇರೆ ಏನಾದ್ರೂ ಹುಡುಕ್ಕೊಳ್ಳಿ."

"ತಗೊಂಡು ಹೋಗೋಕೆ ಬಂದಿಲ್ಲ ಮೇಡಂ," ಎಂದ. "ಒಂದ್ಸಲ ನೋಡ್ಬಹುದಾ ಅಂತ ಕೇಳೋಕೆ ಬಂದೆ."

ಮುಂದಿನ ಕೋಣೆ ನನ್ನ ಟೈಲರಿಂಗ್ ಅಂಗಡಿ. ಹಿಂದಿನ ಕೋಣೆಯಲ್ಲಿ ಆ ಕಂಪ್ಯೂಟರ್, ವರ್ಕ್‌ಸ್ಟೇಷನ್ ಅಂತ ಕರೆಯುವ ದೊಡ್ಡ ಜಾತಿಯದು. ಚಿಕ್ಕಮ್ಮ ಬಟ್ಟೆ ಮಿಲ್ಲಿನಲ್ಲಿ ಡಿಸೈನ್ ಬರೆಯುತ್ತಿದ್ದವಳು. ಮಿಲ್ಲು ಮುಚ್ಚಿದಾಗ ಉಳಿದವರು ಮೇಜು ಕುರ್ಚಿ ಕೇಳಿದರೆ ಅವಳು ತಾನು ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಕೇಳಿ ತಂದಳು. ಅದು ಕೆಟ್ಟು ಯಾವ ಕಾಲವೋ ಆಗಿತ್ತು. ಅದರ ಮೇಲೆ ನಾನು ಇಸ್ತ್ರಿ ಮಾಡಿದ ಬಟ್ಟೆ ಪೇರಿಸುತ್ತಿದ್ದೆ.

ಅವನು ಬಟ್ಟೆಗಳನ್ನು ಒಂದೊಂದಾಗಿ, ಮಡಿಕೆ ಕೆಡದ ಹಾಗೆ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಕಂಪ್ಯೂಟರಿನ ಮುಂದೆ ಮಂಡಿಯೂರಿ ಕೂತು ಹಿಂದೆ ಮುಂದೆ ನೋಡಿದ. ಬಟ್ಟೆಯನ್ನು ಅಷ್ಟು ಮರ್ಯಾದೆಯಿಂದ ಮುಟ್ಟಿದ ಗಂಡಸನ್ನು ನಾನು ನೋಡಿರಲಿಲ್ಲ. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿದುಹೋಯಿತು.

"ನಾನು ಲಿಫ್ಟ್ ರಿಪೇರಿ ಮಾಡ್ತೀನಿ," ಎಂದ. "ಇದು ಹವ್ಯಾಸ. ಲಿನಕ್ಸ್ ಅಂತ ಇದೆಯಲ್ಲ, ಯಾರು ಬೇಕಾದ್ರೂ ತಗೊಂಡು ತಿದ್ದಿ ಬಳಸೋ ಸಿಸ್ಟಂ, ಅದನ್ನ ಈ ಥರದ ಹಳೇ ವರ್ಕ್‌ಸ್ಟೇಷನ್ ಮೇಲೆ ಓಡಿಸೋಕೆ ನಾವೊಂದಿಷ್ಟು ಜನ ಒದ್ದಾಡ್ತಾ ಇದ್ದೀವಿ. ಒಬ್ಬೊಬ್ಬರು ಒಂದೊಂದು ದೇಶದಲ್ಲಿದ್ದಾರೆ. ಮುಖ ಕೂಡ ನೋಡಿಲ್ಲ. ಈ ಮಾಡೆಲ್ ಮಾತ್ರ ನಮ್ಮಲ್ಲಿ ಯಾರ ಹತ್ರಾನೂ ಇಲ್ಲ."

"ಆ ಕೆಲಸ ಮುಗಿದಿದೆಯಾ?"

"ಎಲ್ಲಿ ಮುಗಿಯುತ್ತೆ? ಲಿನಕ್ಸ್ ಹಾಕಿದ್ರೆ ಈ ಜಾತಿಯವುಗಳಲ್ಲಿ ಕೀಬೋರ್ಡ್ ಕೆಲಸ ಮಾಡಲ್ಲ. ಸ್ಕ್ರೀನ್ ಬರಲ್ಲ. ಸೌಂಡ್ ಬರಲ್ಲ."

"ಮತ್ತೇನು ಬರುತ್ತೆ?"

"ಆಸೆ ಬರುತ್ತೆ," ಎಂದು ನಕ್ಕ. ನಕ್ಕರೆ ಅವನ ಎಡಗಣ್ಣು ಬಲಗಣ್ಣಿಗಿಂತ ಚೂರು ಮೊದಲು ಮುಚ್ಚಿಕೊಳ್ಳುತ್ತದೆ. ಅದನ್ನು ಗಮನಿಸಿದ ನನ್ನನ್ನು ನಾನೇ ಗದರಿಕೊಂಡೆ.

ಒಳಗಿನಿಂದ ಗೋಡೆ ತಡವುತ್ತ ಚಿಕ್ಕಮ್ಮ ಬಂದಳು. ಅವಳ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ತಿಂಗಳ ಕೊನೆಯಲ್ಲಿ ಆಪರೇಷನ್. ಉಳಿಯುತ್ತದೆ ಎಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ.

"ಅದರೊಳಗೆ ನಂದೊಂದು ಡಿಸೈನ್ ಇದೆಯಪ್ಪಾ," ಎಂದಳು. "ಮಿಲ್ಲಿನವರು ಬೇಡ ಅಂದಿದ್ದು. ಒಂದು ಗಜ ಬಟ್ಟೆ ಮೇಲೂ ಅಚ್ಚಾಗಲಿಲ್ಲ. ಕಣ್ಣಿಗೆ ಕತ್ತಿ ಹಾಕೋ ಮೊದಲು ಒಂದ್ಸಲ ನೋಡ್ಬೇಕು. ಆಗುತ್ತಾ?"

ಅವನು ಸ್ವಿಚ್ ಹಾಕಿ, ಎಲ್ಲವನ್ನೂ ಕೂಡಿಡುವ ಡಿಸ್ಕಿನ ಸದ್ದಿಗೆ ಕಿವಿಯಿಟ್ಟ. ಹಳೆಯ ಸಿಸ್ಟಂ ಇದ್ದ ಭಾಗ ಹಾಳಾಗಿದೆ, ಚಿತ್ರಗಳಿರುವ ಭಾಗ ಉಳಿದಿರಬಹುದು ಎಂದ. ಆಗುತ್ತದೆ ಎನ್ನಲಿಲ್ಲ. "ಪ್ರಯತ್ನ ಮಾಡೋಣ ಅಮ್ಮಾ" ಅಂದ. ಸುಳ್ಳು ಧೈರ್ಯ ಹೇಳದಿದ್ದುದಕ್ಕೆ ಅವನಿಗೆ ಅವತ್ತೇ ಋಣಿಯಾದೆ.

ಮರುದಿನ ಸಂಜೆ ಅವನು ತನ್ನ ಲ್ಯಾಪ್‌ಟಾಪಿನಿಂದ ಕಂಪ್ಯೂಟರಿಗೆ ಎರಡು ಕೇಬಲ್ ಎಳೆದ. ಫ್ಯಾನು ಗುಂಯ್ ಎಂದಿತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬಿಳಿ ಅಕ್ಷರಗಳ ಸಾಲು ಏರುತ್ತ ಹೋಗಿ ಗಕ್ಕನೆ ನಿಂತುಬಿಟ್ಟಿತು. ಅವನು ಲ್ಯಾಪ್‌ಟಾಪಿನ ಸ್ಪೇಸ್ ಕೀ ಒತ್ತಿದ. ಇನ್ನೊಂದು ಸಾಲು ಬಂತು. ಮತ್ತೆ ನಿಂತಿತು.

"ನಮ್ಮ ಲಿನಕ್ಸಿಗೆ ಗಡಿಯಾರದ ಥರ ಇರೋ ಟೈಮರ್ ಭಾಗ ಇನ್ನೂ ಸರಿಯಾಗಿ ಬರೆದಿಲ್ಲ," ಎಂದ. "ಹಾಗಾಗಿ ಒಂದು ಹೆಜ್ಜೆ ಇಟ್ಟು ನಿದ್ದೆ ಹೋಗುತ್ತೆ. ಕೀ ಒತ್ತಿದ್ರೆ ಎಚ್ಚರ ಆಗುತ್ತೆ."

"ಥೇಟ್ ಇವಳ ಹಾಗೆ," ಎಂದಳು ಚಿಕ್ಕಮ್ಮ ಮಂಚದ ಮೇಲಿಂದ. "ಬೆಳಿಗ್ಗೆ ಎಬ್ಬಿಸಿ ನೋಡು, ಗೊತ್ತಾಗುತ್ತೆ."

"ನಾನೇನು ಮಾಡ್ಲಿ?" ಎಂದೆ. ಅಳತೆ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತ ನಿಂತಿದ್ದೆ.

ಅವನು ನನ್ನ ಮುಖ ನೋಡಿದ, ಟೇಪು ನೋಡಿದ. ಕುರ್ಚಿ ಪಕ್ಕಕ್ಕೆ ಸರಿಸಿದ. "ಒತ್ತುತ್ತಾ ಇರಿ. ಬಿಟ್ಟು ಬಿಟ್ಟು, ಮೆತ್ತಗೆ. ಒತ್ತಿ ಹಿಡಿದ್ರೆ ಉಸಿರುಗಟ್ಟುತ್ತೆ ಇದಕ್ಕೆ."

ಒತ್ತಿದೆ. ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು. ಡಿಸ್ಕಿನಲ್ಲಿದ್ದುದರ ಒಂದು ತುಣುಕು ಲ್ಯಾಪ್‌ಟಾಪಿಗೆ ಬಂತು ಎಂದು ಅದರ ಅರ್ಥ. ಮತ್ತೆ ಒತ್ತಿದೆ, ಇನ್ನೊಂದು ಚುಕ್ಕಿ.

ಹೀಗೆ ಶುರುವಾದವು ನಮ್ಮ ಸಂಜೆಗಳು. ಅಂಗಡಿ ಮುಚ್ಚಿ ನಾನು ಕೂರುತ್ತಿದ್ದೆ, ಲಿಫ್ಟುಗಳನ್ನೆಲ್ಲ ಏರಿಸಿ ಇಳಿಸಿ ಅವನು ಬರುತ್ತಿದ್ದ. ನನಗೆ ಬೆರಳು ಸೋತರೆ ಅವನ ಸರದಿ. ಲಯ ತಪ್ಪಬಾರದೆಂದು ನನ್ನ ಬೆರಳು ಏಳುವ ಮೊದಲೇ ಅವನ ಬೆರಳು ಬಂದಿರುತ್ತಿತ್ತು. ಆ ಒಂದು ಗಳಿಗೆ ಎರಡೂ ಒಂದೇ ಕೀಯ ಮೇಲೆ. ಇಬ್ಬರೂ ಪರದೆಯನ್ನೇ ನೋಡುತ್ತಿದ್ದೆವು, ಅಲ್ಲಿ ಚುಕ್ಕಿಗಳ ಹೊರತು ಬೇರೇನೂ ಇಲ್ಲದಿದ್ದರೂ.

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರು ಏನಂತಾರೆ?" ಎಂದು ಒಮ್ಮೆ ಕೇಳಿದೆ.

"ಬಾಗಿಲು ತೆಗೆಯೋವರೆಗೂ ಬೈತಾರೆ. ತೆಗೆದ ಮೇಲೆ ಥ್ಯಾಂಕ್ಸ್ ಹೇಳೋಕೂ ನಿಲ್ಲದೆ ಓಡ್ತಾರೆ. ನೀವೂ ಮೊದಲ ದಿನ ಬೈದ್ರಲ್ಲ."

"ನಾನು ಓಡ್ಲಿಲ್ಲವಲ್ಲ."

ಅವನ ಬೆರಳು ಒಂದು ಚುಕ್ಕಿ ತಪ್ಪಿತು. ಕಿವಿಯ ತುದಿ ಕೆಂಪಾಯಿತು. ನಾನು ನೋಡದವಳಂತೆ ದಾರದ ಉಂಡೆ ಸರಿಪಡಿಸಿದೆ.

ಕೆಲವೊಮ್ಮೆ ಕಂಪ್ಯೂಟರ್ ಪೂರ್ತಿ ಮುಗ್ಗರಿಸುತ್ತಿತ್ತು. ಆಗ ಅವನು ತನ್ನ ಕಾಣದ ಗೆಳೆಯರಿಗೆ ಬರೆಯುತ್ತಿದ್ದ, ಬೆಳಗಾಗುವಷ್ಟರಲ್ಲಿ ಎಲ್ಲಿಂದಲೋ ಯಾರೋ ಒಬ್ಬರು ತಿದ್ದಿ ಕಳಿಸಿರುತ್ತಿದ್ದರು. ಅವರಲ್ಲಿ ಒಬ್ಬರಿಗೂ ನನ್ನ ಚಿಕ್ಕಮ್ಮ ಗೊತ್ತಿಲ್ಲ. ಯಾವುದೋ ಮನೆಯಲ್ಲಿ ಕೂತು, ತಮ್ಮ ನಿದ್ದೆ ಬಿಟ್ಟು, ಅವಳ ಕಣ್ಣಿಗಾಗಿ ದುಡಿದಿದ್ದರು.

ಒಂದು ಸಂಜೆ ಅವನು ನೀರು ಕುಡಿಯಲು ಎದ್ದಿದ್ದ. ನನಗೆ ಸೀನು ಬಂತು. ಒಂದಲ್ಲ, ಸಾಲಾಗಿ. ಬೆರಳು ಕೀಯಿಂದ ಎದ್ದಿತ್ತು. ಕಣ್ಣೊರೆಸಿಕೊಂಡು ನೋಡಿದರೆ ಚುಕ್ಕಿಗಳು ತಮ್ಮ ಪಾಡಿಗೆ ತಾವು ಮೂಡುತ್ತಲೇ ಇದ್ದವು.

ಬೇಕೆಂದೇ ಕೈಯನ್ನು ಮಡಿಲಲ್ಲಿಟ್ಟುಕೊಂಡೆ. ಚುಕ್ಕಿಗಳು ನಿಲ್ಲಲಿಲ್ಲ. ಟೈಮರ್ ಸರಿಹೋಗಿದೆ! ಇವನು ಹೇಳಿಲ್ಲ! ನನ್ನ ಬೆರಳಿನಿಂದ ಯಾವ ಉಪಯೋಗವೂ ಇರಲಿಲ್ಲ.

ಅವನ ಹೆಜ್ಜೆ ಸಪ್ಪಳ ಕೇಳಿತು. ಕೇಳಿಬಿಡಬೇಕು ಎಂದು ಬಾಯಿ ತೆರೆದೆ. ಆದರೆ ನನ್ನ ಬೆರಳು ನನ್ನನ್ನು ಕೇಳದೆ ಮತ್ತೆ ಕೀಯ ಮೇಲೆ ಹೋಗಿ ಕೂತಿತ್ತು. ಒತ್ತುತ್ತಾ ಹೋದೆ.

ಡಿಸ್ಕು ತನ್ನ ವೇಗದಲ್ಲೇ ಕೊಡುತ್ತಿತ್ತು, ನಾನು ಒತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆಪರೇಷನ್ನಿನ ಹಿಂದಿನ ಸಂಜೆ ಕೊನೆಯ ತುಣುಕು ಬಂತು. ಡಿಸೈನ್ ಇದ್ದ ಫೈಲಿನ ಬಣ್ಣಗಳನ್ನು ಬಿಡಿಸಲು ಅವನು ಇನ್ನಷ್ಟು ಹೊತ್ತು ಒದ್ದಾಡಿದ. ಆಮೇಲೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಚಿಕ್ಕಮ್ಮನ ಕಣ್ಣಿಗೆ ಹತ್ತಿರ ಹಿಡಿದ.

ಮಣ್ಣಿನ ಬಣ್ಣದ ಮೇಲೆ ಜೋಡಿ ಜೋಡಿ ಎಲೆಗಳು. ಚಿಕ್ಕ ಚಿಕ್ಕವು. ಆದರೆ ಪ್ರತಿ ಜೋಡಿಯೂ ಉಲ್ಟಾ, ತುದಿಗಳು ಒಂದರ ಕಡೆಗೆ ಒಂದು ತಿರುಗದೆ ಹೊರಕ್ಕೆ ಬಾಗಿದ್ದವು.

"ಎಲೆ ತಪ್ಪು ಕಡೆ ಬಾಗಿವೆ, ತಿದ್ದಿ ಕೊಡಿ ಅಂದ ಮ್ಯಾನೇಜರು," ಎಂದಳು ಚಿಕ್ಕಮ್ಮ. ಪರದೆಯ ಮೇಲೆ ಅವಳ ಬೆರಳು ನಡೆಯುತ್ತಿತ್ತು. "ನಾನು ತಿದ್ದಲ್ಲ ಅಂದೆ. ಎಲೆ ಎಲ್ಲಿ ಬಂತು? ನಿನ್ನ ಚಪ್ಪಲಿ ಗುರುತು ಕಣೇ ಅದು. ನಿಮ್ಮಮ್ಮ ಹೋದ ಮೇಲೆ ನಿನ್ನ ಇಲ್ಲಿಗೆ ಕರ್ಕೊಂಡು ಬಂದ ದಿನ ನೀನು ಎಡಗಾಲಿಂದು ಬಲಗಾಲಿಗೆ, ಬಲಗಾಲಿಂದು ಎಡಗಾಲಿಗೆ ಹಾಕ್ಕೊಂಡಿದ್ದೆ. ಹೊರಗೆ ಒದ್ದೆ ನೆಲ. ಬಾಗಿಲವರೆಗೂ ಹೀಗೇ ಮೂಡಿತ್ತು."

ನಾನು ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತೆ. ಅವನು ಲ್ಯಾಪ್‌ಟಾಪನ್ನು ಕೆಳಗಿಡದೆ ಹಾಗೇ ಹಿಡಿದು ನಿಂತಿದ್ದ. ಸಾಕು ಎಂದು ಚಿಕ್ಕಮ್ಮನೇ ಹೇಳುವವರೆಗೂ ಇಳಿಸಲಿಲ್ಲ.

ಮರುದಿನ ಆಸ್ಪತ್ರೆಯ ಹೊರಗಿನ ಬೆಂಚು. ಅವನು ರಜೆ ಹಾಕಿ ಬಂದಿದ್ದ. ನನ್ನ ಬೆರಳು ಬೆಂಚಿನ ಮೇಲೆ ತನಗೆ ತಾನೇ ಟಕ್ ಟಕ್ ಎನ್ನುತ್ತಿತ್ತು, ಬಿಟ್ಟು ಬಿಟ್ಟು, ಮೆತ್ತಗೆ. ಅವನು ತನ್ನ ಅಂಗೈಯನ್ನು ಮೇಲ್ಮುಖವಾಗಿ ಅದರ ಕೆಳಗೆ ಸರಿಸಿದ.

"ಇಲ್ಲಿ ಒತ್ತಿ."

ಒತ್ತಿದೆ. ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

"ಒಂದು ವಿಷಯ ಹೇಳ್ಬೇಕು," ಎಂದ. "ಆ ಟೈಮರು..."

"ಸರಿಹೋಗಿತ್ತು. ಗೊತ್ತು. ಸೀನಿದಾಗ ನೋಡಿದೆ."

"ಮತ್ತೆ ಯಾಕೆ ಒತ್ತುತ್ತಾ ಇದ್ರಿ?"

"ನೀವ್ಯಾಕೆ ಹೇಳ್ಲಿಲ್ಲ?"

ಅವನು ನೆಲ ನೋಡಿದ. "ಇನ್ನೂ ಒಂದಿದೆ. ಇದು ನಿಮಗೆ ಗೊತ್ತಿಲ್ಲ. ಮೊದಲ ದಿನವೇ ಎರಡು ಸಾಲು ಪ್ರೋಗ್ರಾಂ ಬರೆದಿದ್ರೆ ಸಾಕಿತ್ತು, ಲ್ಯಾಪ್‌ಟಾಪೇ ತಾನಾಗಿ ಒತ್ತಿಕೊಳ್ತಿತ್ತು. ನಿಮ್ಮ ಬೆರಳು ಯಾವತ್ತೂ ಬೇಕಾಗಿರಲಿಲ್ಲ."

ಉರಿದುಹೋದೆ. "ಅಷ್ಟು ದಿನ ನನ್ನನ್ನ ಮಂಗ ಮಾಡಿದ್ರಾ?"

"ಟೇಪು ಸುತ್ತಿ ಸುತ್ತಿ ಬೆರಳು ನೀಲಿ ಮಾಡ್ಕೊಂಡಿದ್ರಿ," ಎಂದ ಮೆಲ್ಲಗೆ. "ಕೈಗೊಂದು ಕೆಲಸ ಸಿಕ್ರೆ ಹೆದರಿಕೆ ಕಮ್ಮಿ ಆಗ್ಬಹುದು ಅನ್ನಿಸ್ತು. ಅವತ್ತು ಅಷ್ಟೇ ಇದ್ದಿದ್ದು ಮನಸ್ಸಲ್ಲಿ. ಆಮೇಲೆ ನಿಲ್ಲಿಸೋಕೆ ನನಗೇ ಮನಸ್ಸು ಬರ್ಲಿಲ್ಲ. ನೀವು ಪಕ್ಕದಲ್ಲಿ ಕೂತಿರೋದು ನನಗೆ ಇಷ್ಟ. ತುಂಬ ಇಷ್ಟ."

ಬೈಯಲು ಕೂಡಿಟ್ಟಿದ್ದ ಮಾತೆಲ್ಲ ಕರಗಿತು. ಆ ಸಂಜೆಗಳಲ್ಲಿ ಒಂದು ದಿನವೂ ನಾನು ಹೆದರಿ ಅತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

"ನಂಗೂ ಇಷ್ಟ. ನೀನು ಸುಳ್ಳುಗಾರ ಆದ್ರೂ," ಎಂದೆ. ಮೊದಲ ಸಲ ನೀನು ಅಂದಿದ್ದೆ. ಅವನ ಬೆರಳುಗಳು ನನ್ನ ಬೆರಳಿನ ಸುತ್ತ ಮುಚ್ಚಿಕೊಂಡವು.

ಬಾಗಿಲು ತೆರೆಯಿತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ನರ್ಸಿನ ಕೈ ಹಿಡಿದು ಚಿಕ್ಕಮ್ಮ ಬಂದಳು. "ಎಲ್ಲಿ ಇಬ್ಬರೂ? ಹೇಳ್ಕೊಂಡ್ರೋ ಇಲ್ವೋ?"

"ಏನು ಹೇಳ್ಕೊಳ್ಳೋದು ಚಿಕ್ಕಮ್ಮಾ?"

"ನೀನು ಒತ್ತೋದು ನಿಲ್ಲಿಸಿದ್ರೂ ಆ ಡಿಸ್ಕು ಕಟಕಟ ಅಂತಾನೇ ಇತ್ತಲ್ಲೇ. ನಂದು ಮಂಜಾಗಿದ್ದು ಕಣ್ಣು, ಕಿವಿ ಅಲ್ಲ. ಇವನಾಗಿ ಹೇಳ್ಲಿ, ಇವಳಾಗಿ ಕೇಳ್ಲಿ ಅಂತ ಸುಮ್ಮನಿದ್ದೆ. ಸಾಕಾಗಿ ಹೋಯ್ತು ನಂಗೆ."

ಪಟ್ಟಿ ಬಿಚ್ಚಿದ ದಿನ ಅವಳಿಗೆ ಪೂರ್ತಿ ಅಲ್ಲದಿದ್ದರೂ ಕಂಡಿತು. ನನ್ನ ಮುಖ ಕಂಡಿತು, ಅವನ ಅಂಗಿಯ ಗ್ರೀಸ್ ಕಲೆ ಕಂಡಿತು. ನಮ್ಮ ಪಾಲಿಗೆ ಅದು ಬೇಕಾದಷ್ಟಾಯಿತು. ಆ ಉಲ್ಟಾ ಎಲೆಗಳನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಅವಳಿಗೊಂದು ಹೊದಿಕೆ ಹೊಲಿದುಕೊಟ್ಟೆ, ಒಂದು ಗೆರೆಯನ್ನೂ ತಿದ್ದದೆ.

ಕಂಪ್ಯೂಟರ್ ಇನ್ನೂ ಹಿಂದಿನ ಕೋಣೆಯಲ್ಲಿದೆ. ಅದರ ಮೇಲೆ ಈಗ ಬಟ್ಟೆ ಇಡುವುದಿಲ್ಲ. ಮೊನ್ನೆ ಸಂಜೆ ಅವನ ಪಕ್ಕ ಕೂತು ಕೇಳಿದೆ, "ಇನ್ನೇನೇನು ಬಾಕಿ ಇದೆ ಇದರಲ್ಲಿ?"

"ಕೀಬೋರ್ಡು, ಸ್ಕ್ರೀನು, ಸೌಂಡು."

"ಎಷ್ಟು ದಿನ ಬೇಕು?"

"ನಾನೊಬ್ಬನೇ ಮಾಡಿದ್ರೆ ಒಂದಾರು ತಿಂಗಳು."

"ನಾನೂ ಸೇರಿದ್ರೆ?"

ಅವನ ಎಡಗಣ್ಣು ಮೊದಲು ಮುಚ್ಚಿಕೊಂಡಿತು, ಆಮೇಲೆ ಬಲಗಣ್ಣು. "ನೀನು ಸೇರಿದ್ರೆ ಜೀವಮಾನ ಪೂರ್ತಿ ಬೇಕಾಗುತ್ತೆ."

ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ಸ್ಪೇಸ್ ಕೀಯ ಮೇಲೆ ಬೆರಳಿಟ್ಟೆ.