ಗುಂಡಿಗೆ ಮೂರನೇ ಹುಟ್ಟುಹಬ್ಬ

ನನ್ನ ಮೂಗಿಗೂ ಕೊಚ್ಚೆ ನೀರಿಗೂ ಎರಡು ಬೆರಳಿನ ಅಂತರ.

ಕಾಲುಗಳು ಆಕಾಶದಲ್ಲಿ. ಎಡಗಾಲು ಬಿರಾನ ಕೈಯಲ್ಲಿ, ಬಲಗಾಲು ಅವನ ತಮ್ಮನ ಕೈಯಲ್ಲಿ. ತಲೆ ರಸ್ತೆಯ ಗುಂಡಿಯೊಳಗೆ!

"ಹೇಳೋ ಜುರಾಂದಿರ್, ಅಡ್ಮಿನ್ ಯಾರು?"

"ಗೊತ್ತಿಲ್ಲ."

ಬುಳುಕ್!

ಮತ್ತೆ ಮೇಲಕ್ಕೆ ಎಳೆದರು. ಬಾಯಿ ತುಂಬ ಕೆಸರು...

"ಈಗ ಗೊತ್ತಾಯ್ತಾ?"

"ಗುಂಡಿ ಆಳ ಇದೆ ಅಂತ ಗೊತ್ತಾಯ್ತು."

ಬುಳುಕ್!

ಆ ಗುಂಡಿ ನನಗೆ ಹೊಸದಲ್ಲ. ಪೆದ್ರಾ ರಾಸಾ ಊರಿನಲ್ಲಿ ಅದರ ಗುರುತಿಲ್ಲದವರೇ ಇಲ್ಲ. ಹಿಂದಿನ ಭಾನುವಾರವಷ್ಟೇ ಅದರ ಮೂರನೇ ಹುಟ್ಟುಹಬ್ಬ ನಡೆದಿತ್ತು. ಪುರಸಭೆ ಗುಂಡಿ ಮುಚ್ಚದಿದ್ದರೆ ನಮ್ಮ ಜನ ಕಲ್ಲು ತೂರುವುದಿಲ್ಲ. ಕೇಕ್ ತರುತ್ತಾರೆ, ಗುಂಡಿಯ ಅಂಚಿನಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ, ಚಪ್ಪಾಳೆ ತಟ್ಟಿ ಹಾಡುತ್ತಾರೆ. ಆ ಫೋಟೋ 'ಗುಂಡಿಯ ಗೆಳೆಯರು' ಎಂಬ ಪೇಜ್‌ನಲ್ಲಿ ಬಂತು. ಊರಿನಲ್ಲಿರುವ ಜನಕ್ಕಿಂತ ಹೆಚ್ಚು ಜನ ನೋಡಿ ನಕ್ಕರು. ಚುನಾವಣೆಗೆ ಉಳಿದದ್ದು ಎರಡೇ ವಾರ!

ಅಂದು ಬೆಳಿಗ್ಗೆ ಮೇಯರ್ ಜೆನಿವಾಲ್ದೊ ನನ್ನನ್ನು ಕರೆಸಿದ್ದ. ನನ್ನ ಕಸುಬು ನಿಮಗೆ ಗೊತ್ತಲ್ಲ... ಕಳೆದದ್ದನ್ನು ಹುಡುಕುವುದು, ಸಿಕ್ಕಬಾರದ್ದನ್ನು ಕಳೆಯುವುದು. ಈಗಂತೂ ಕಸುಬು ಸಲೀಸಾಗಿದೆ. ಓಡಿಹೋದ ಗಂಡ ತಾನು ಕುಡಿಯುವ ಬಾರಿನ ಫೋಟೋವನ್ನು ತಾನೇ ಹಾಕುತ್ತಾನೆ. ಕಳ್ಳ ಕದ್ದ ಬೈಕಿನ ಮೇಲೆ ಕೂತು ಸೆಲ್ಫಿ ತೆಗೆಯುತ್ತಾನೆ. ಅರ್ಧ ಕೇಸು ಉಯ್ಯಾಲೆಯಲ್ಲಿ ಮಲಗಿಯೇ ಮುಗಿಸುತ್ತೇನೆ.

"ಆ ಪೇಜ್ ನಡೆಸೋ ಅಡ್ಮಿನ್ ಹೆಸರು ಸಂಜೆಯೊಳಗೆ ಬೇಕು," ಎಂದ ಮೇಯರ್.

"ಹುಡುಕ್ತೀನಿ ಡಾಕ್ಟ್ರೇ."

ಅವನು ಡಾಕ್ಟರಲ್ಲ. ಜ್ವರಕ್ಕೆ ಒಂದು ಮಾತ್ರೆ ಬರೆದುಕೊಟ್ಟವನೂ ಅಲ್ಲ. ಆದರೆ ನಮ್ಮಲ್ಲಿ ಕುರ್ಚಿ ದೊಡ್ಡದಿದ್ದರೆ ಕೂತವನು ಡಾಕ್ಟರ್.

"ಹುಡುಕೋದೇನು ಬಂತು? ನಿಮ್ಮಕ್ಕನೇ ಅಲ್ವಾ?"



ನನ್ನಕ್ಕ ಕ್ಲಿಯೋನಿಸೆ ಶಾಲೆಯ ಅಡುಗೆಮನೆಯಲ್ಲಿ ಕಾಂಟ್ರಾಕ್ಟ್ ಕೆಲಸದವಳು. ಎರಡು ಮಕ್ಕಳು. ಗಂಡನಿಲ್ಲ. ಆ ಕೆಲಸ ಹೋದರೆ ಒಲೆ ಉರಿಯುವುದಿಲ್ಲ. ಹುಟ್ಟುಹಬ್ಬದ ಫೋಟೋದಲ್ಲಿ ಅವಳೇ ಎದುರಿಗೆ ನಿಂತಿದ್ದಳು, ಬಾಯಿ ತುಂಬ ಕೇಕ್ ತುಂಬಿಕೊಂಡು!

"ಅಷ್ಟೇ ಅಲ್ಲ," ಎಂದ ಎದಿಲ್ಬೆರ್ತೊ. ಇವನು ಮೇಯರ್‌ನ ಸೋಷಿಯಲ್ ಮೀಡಿಯಾ ಸಲಹೆಗಾರ. ಕೈ ಎರಡು, ಫೋನ್ ಮೂರು. "ಡಾಕ್ಟರ ಹೋದ ವಾರದ ಪೋಸ್ಟಿಗೆ ಆಯಮ್ಮ ಹಾರ್ಟ್ ಒತ್ತಿಲ್ಲ!"

ಇದು ನಮ್ಮೂರಿನ ಹಾಜರಿ. ಕಾಂಟ್ರಾಕ್ಟ್ ಕೆಲಸದವರು ಕಸ ಗುಡಿಸಿದರೂ ಸರಿ, ಬಿಟ್ಟರೂ ಸರಿ. ಬೆಳಿಗ್ಗೆ ಎದ್ದು ಮೇಯರ್‌ನ ಪೋಸ್ಟಿಗೆ ಕೆಂಪು ಹಾರ್ಟ್ ಒತ್ತಲೇಬೇಕು. ಬರೀ ಹೆಬ್ಬೆರಳು ಒತ್ತಿದವರನ್ನು ಎದಿಲ್ಬೆರ್ತೊ ಕರೆಸಿ, ಏನಾದರೂ ಬೇಜಾರಾ ಅಂತ ವಿಚಾರಿಸುತ್ತಾನೆ.

"ಅವತ್ತು ಅವಳ ಫೋನ್ ಕಾಳಿನ ಹಂಡೇಲಿ ಬಿದ್ದಿತ್ತು ಡಾಕ್ಟ್ರೇ."

"ಸಂಜೆ ಗುಂಡಿ ಹತ್ರ ನನ್ನ ಲೈವ್ ಇದೆ. ಇಡೀ ಊರಿಗೆ ಅಡ್ಮಿನ್ ಹೆಸರು ಹೇಳ್ತೀನಿ. ನೀನು ಬೇರೆ ಹೆಸರು ತಂದ್ರೆ ಸರಿ. ಇಲ್ಲಾಂದ್ರೆ ನಿಮ್ಮಕ್ಕನ ಹೆಸರೇ. ನಾಳೆಯಿಂದ ಅವಳು ಮನೇಲೇ ಸೌಟು ಆಡಿಸಲಿ!"

ಮಧ್ಯಾಹ್ನದವರೆಗೆ ಊರೆಲ್ಲ ಅಲೆದೆ. ಎಲ್ಲರೂ ಕೇಕ್ ತಿಂದವರೇ. ಬಾಯಿ ಬಿಟ್ಟವರು ಒಬ್ಬರೂ ಇಲ್ಲ. ಅಕ್ಕನನ್ನು ಕೇಳಿದೆ. "ನಿನ್ನ ಕೆಲಸ ನೀನು ನೋಡ್ಕೋ," ಎಂದಳು. ಅಷ್ಟರಲ್ಲಿ ಮೇಯರ್‌ಗೆ ತಾಳ್ಮೆ ಮುಗಿದು, ನನ್ನ ಬಾಯಿ ಬಿಡಿಸಲು ತನ್ನ ಬಂಟ ಬಿರಾನನ್ನು ಕಳಿಸಿದ.

ಹೀಗೆ ನಾನು ಗುಂಡಿಗೆ ತಲೆ ಕೊಟ್ಟದ್ದು.

ಮೂರನೇ ಸಲ ಮುಳುಗಿಸುವ ಮೊದಲು ಜೇಬಿನಿಂದ ಫೋನ್ ಜಾರಿ ಗುಂಡಿಯ ಅಂಚಿಗೆ ಬಿತ್ತು. ಟಿಣ್ ಎಂದಿತು. ಪರದೆಯ ಮೇಲೆ ಒಂದು ಗುಲಾಬಿ ಹೂವು. 'ಶುಭ ಮಧ್ಯಾಹ್ನ, ದೇವರು ನಿಮ್ಮನ್ನು ಕಾಪಾಡಲಿ.' ಫೋಟೋದ ಮೂಲೆಯಲ್ಲಿ, ಕ್ಯಾಮೆರಾಗೆ ಅಡ್ಡ ಬಂದ ಒಂದು ಮುದಿ ಹೆಬ್ಬೆರಳು.

ಆ ಹೆಬ್ಬೆರಳನ್ನು ಎಲ್ಲೋ ನೋಡಿದ್ದೆ... 

ಎಲ್ಲೋ ಏನು! 'ಗುಂಡಿಯ ಗೆಳೆಯರು' ಪೇಜ್ ಮೇಯರ್‌ನ ಮಾನ ಹರಾಜು ಹಾಕುವ ಮುಂಚೆ ದಿನಾ ಒಂದು ಗುಲಾಬಿ ಹಾಕುತ್ತಿತ್ತು. ಇದೇ ಗುಲಾಬಿ, ಇದೇ ಹೆಬ್ಬೆರಳು. ಪಡ್ಡೆ ಹುಡುಗರು ಯಾರಾದರೂ ಬೈಯುವ ಮುಂಚೆ ಹೂವು ಕೊಡುತ್ತಾರಾ? ಇಷ್ಟು ದಿನ ನನಗೆ ಹೊಳೆದಿರಲಿಲ್ಲ.

ಈಗ ಗುಲಾಬಿ ಬಂದದ್ದು ಊರಿನವರು ಫೋನಿನಲ್ಲೇ ಕೇಕ್ ಆರ್ಡರ್ ಮಾಡುವ ಗ್ರೂಪಿನಿಂದ. ಗ್ರೂಪಿನ ಒಡತಿ ಓಸ್ವಾಲ್ದಿನಾ ಅಜ್ಜಿ.

ಮೇಯರ್‌ನ ಹೆತ್ತ ತಾಯಿ!

ನಗು ಉಕ್ಕಿತು. ಬಾಯಿ ತೆರೆದೆ, ಅಷ್ಟರಲ್ಲಿ ಮತ್ತೆ ಮುಳುಗಿಸಿ ಎತ್ತಿದರು, ನೀರು ಒಳಗೆ ಹೋಯಿತು.

"ಹೇಳ್ತೀನಿ... ಹೇಳ್ತೀನಿ!"

"ಬೊಗಳು."

"ನಿನಗಲ್ಲ. ಡಾಕ್ಟ್ರಿಗೇ, ಲೈವ್‌ನಲ್ಲೇ. ನಿನಗೆ ಮೊದಲು ಗೊತ್ತಾದ್ರೆ ನಿನ್ನ ಕೆಲಸ ಹೋಗುತ್ತೆ ಬಿರಾ. ತಾಯಾಣೆ!"

ಬಿರಾ ಯೋಚಿಸಿದ. ಅವನಿಗೆ ಅದು ಕಷ್ಟದ ಕೆಲಸ. ಕೊನೆಗೆ ಕಾಲು ಬಿಟ್ಟ.

ಬುಳುಕ್!

ಎದ್ದು, ಪಕ್ಕದಲ್ಲೇ ನಿಂತಿದ್ದ ನನ್ನ ಬೈಕ್ ಹತ್ತಿದೆ. ಹಿಂದೆಯೇ ಅವರ ಕಾರು. ಚರ್ಚ್ ಸುತ್ತಿದೆ, ಕಾರೂ ಸುತ್ತಿತು. ಮೇಕೆಗಳ ನಡುವೆ ನುಗ್ಗಿದೆ, ಕಾರೂ ನುಗ್ಗಿತು. ಸಂತೆ ಬೀದಿಗೆ ತಿರುಗಿದಾಗ ಹಿಂದಿನಿಂದ ಧಡಾರ್ ಎಂದು ಸದ್ದು! ಕಾರು ಇನ್ನೊಂದು ಗುಂಡಿಗೆ ಇಳಿದಿತ್ತು. ಆ ಗುಂಡಿಗಿನ್ನೂ ವರ್ಷ ತುಂಬಿರಲಿಲ್ಲ. ಕೂಸಾದರೂ ಗಟ್ಟಿ ಕೂಸು!

ಅಜ್ಜಿ ಹಿತ್ತಲಲ್ಲಿ ಮರಗೆಣಸು ತುರಿಯುತ್ತಿದ್ದಳು. ನಾನು ಮೊದಲು ಕೈ ಚಾಚಿದೆ.

"ಆಶೀರ್ವಾದ ಮಾಡಿ ಅಜ್ಜಿ."

ಅಜ್ಜಿ ಕೈ ಕೊಟ್ಟಳು, ಮುತ್ತಿಟ್ಟೆ. "ದೇವರು ಒಳ್ಳೇದು ಮಾಡ್ಲಿ. ಇದೇನೋ ಅವತಾರ, ಹಂದಿ ಥರ?"

ಕೊಲೆ ಮಾಡಿ ಬಂದವನೂ ನಮ್ಮಲ್ಲಿ ಹಿರಿಯರನ್ನು ಕಂಡರೆ ಮೊದಲು ಈ ಆಶೀರ್ವಾದ ಕೇಳಬೇಕು. ಬೇರೆಯವರ ಅಜ್ಜಿಯಾದರೂ ಕೇಳಬೇಕು, ಹೆತ್ತ ತಾಯಿಯಾದರಂತೂ ತಪ್ಪಿಸುವ ಹಾಗೇ ಇಲ್ಲ. ಕೇಳಿದ ಮಗನಿಗೆ ತಾಯಿ ಕೈ ಕೊಡದಿದ್ದರೆ ಊರಿನಲ್ಲಿ ಅವನಿಗೆ ನೀರೂ ಹುಟ್ಟುವುದಿಲ್ಲ.

"ನಿಮ್ಮ ಗುಂಡಿಯಿಂದ ಬರ್ತಿದ್ದೀನಿ, ಅಡ್ಮಿನ್ ಅಜ್ಜಿ."

ಅವಳು ಬೆಚ್ಚಲಿಲ್ಲ. ತುರಿಯುವುದನ್ನೂ ನಿಲ್ಲಿಸಲಿಲ್ಲ.

"ಆ ಗುಂಡೀಲಿ ಬಿದ್ದು ನನ್ನ ಸೊಂಟ ಮುರೀತು. ಸಂತೆ ಅಂಗಡಿ ನಿಂತೋಯ್ತು. ಈ ಫೋನ್ ಬಂದ್ಮೇಲೆ ಕೂತಲ್ಲೇ ಕೇಕ್ ಆರ್ಡರ್ ಬರುತ್ತೆ. ಸುಳ್ಯಾಕೆ ಹೇಳ್ಲಿ, ಫೋನ್ ನನಗೆ ಅನ್ನ ಹಾಕಿದೆ."

"ಮತ್ತೆ ಮಗನ ಮಾನ ಯಾಕೆ ತೆಗೀತೀರಿ?"

"ಗುಂಡಿ ಮುಚ್ಚಿಸಪ್ಪ ಅಂತ ಅವನಿಗೆ ಮೆಸೇಜ್ ಹಾಕ್ದೆ. ಏನು ಬಂತು ನೋಡು."

ನೋಡಿದೆ. 'ಪ್ರಿಯ ನಾಗರಿಕರೇ, ನಿಮ್ಮ ಅಹವಾಲು ನಮಗೆ ಅಮೂಲ್ಯ.' ಪಕ್ಕದಲ್ಲಿ ಜೋಡಿಸಿದ ಎರಡು ಕೈಯ ಇಮೋಜಿ. ಎದಿಲ್ಬೆರ್ತೊನ ಕೈಚಳಕ.

"ಒಂಬತ್ತು ತಿಂಗಳು ಹೊತ್ತೋಳು ಕಣೋ ನಾನು! ಪ್ರಿಯ ನಾಗರಿಕಳಂತೆ!" ಅಜ್ಜಿಯ ತುರಿಯುವಿಕೆ ಜೋರಾಯಿತು. "ಪೇಜ್ ಮಾಡಿ ಬೈದೆ ನೋಡು, ಆವಾಗ ಅವನೇ ಕೂತು ಉತ್ತರ ಬರೆದ. ಬೈಗುಳದ ಧಾಟಿ ಅವರಪ್ಪಂದೇ, ನನಗೆ ಗೊತ್ತಾಗಲ್ವಾ? ಬೈಗುಳಾನೇ ಆಗ್ಲಿ, ಮಗನ ಕೈಯಿಂದ ಬಂದದ್ದು..."

ನನಗೆ ಅಜ್ಜಿಯ ಮೇಲೆ ಕನಿಕರವಾಯಿತು. ಈ ಕಸುಬಿನಲ್ಲಿ ಅದು ಆಗಬಾರದು. ಆಯಿತು.

"ಅಜ್ಜಿ, ನೀವು ಸುಮ್ಮನಿದ್ರೆ ಸಂಜೆ ನಮ್ಮಕ್ಕನ ಕೆಲಸ ಹೋಗುತ್ತೆ."

"ಯಾರು, ನನ್ನ ಕೇಕ್ ಹೊತ್ಕೊಂಡು ಹೋದೋಳಾ?"

ತುರಿಯುವ ಮಣೆ ಕೆಳಗಿಟ್ಟಳು.

"ಆ ಕೋಲು ಕೊಡು."

ಗುಂಡಿಯ ಎದುರು ಜನವೋ ಜನ. ಎದಿಲ್ಬೆರ್ತೊ ಫೋನ್ ಹಿಡಿದಿದ್ದ. ಪಕ್ಕದಲ್ಲಿ ಏಪ್ರನ್ ಕೂಡ ಬಿಚ್ಚದೆ ನಿಂತ ನನ್ನಕ್ಕ, ತುಟಿ ಕಚ್ಚಿಕೊಂಡು. ಅವಳ ಹಿಂದೆ ಕುಂಟುತ್ತ ಬಂದ ಬಿರಾ.

"ಪ್ರೀತಿಯ ಜನರೇ!" ಮೇಯರ್ ಶುರು ಮಾಡಿದ್ದ. "ಮುಖ ಮುಚ್ಚಿಕೊಂಡು ನನ್ನನ್ನ ಕಚ್ಚಿದ ಹಾವು ಇವತ್ತು..."

"ತಡೀರಿ ಡಾಕ್ಟ್ರೇ! ಅಡ್ಮಿನ್‌ನ ತಂದಿದ್ದೀನಿ!"

ನನ್ನ ಬೈಕಿನ ಹಿಂದಿನಿಂದ ಅಜ್ಜಿ ಇಳಿದಳು.

ಮೇಯರ್ ಮುಖ ಸುಣ್ಣವಾಯಿತು. ಆದರೆ ರಾಜಕಾರಣಿಯಲ್ಲವೇ! ಕ್ಯಾಮೆರಾ ಇದೆ, ತಾಯಿ ಇದ್ದಾಳೆ. ಕೈ ತಾನಾಗಿ ಚಾಚಿಕೊಂಡಿತು.

"ಆಶೀರ್ವಾದ ಮಾಡಮ್ಮಾ!" ಊರಿಗೆಲ್ಲ ಕೇಳುವಂತೆ ಕೂಗಿದ. ಪರದೆಯ ಮೇಲೆ ಹಾರ್ಟ್‌ಗಳು ಹಾರಿದವು.

ಅಜ್ಜಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

ಹಾರ್ಟ್‌ಗಳು ನಿಂತವು. ಯಾರೋ ಹೆಂಗಸು, "ಅಯ್ಯೋ ದೇವರೇ," ಎಂದಳು.

"ಅಮ್ಮಾ... ಆಶೀರ್ವಾದ..."

"ಪ್ರಿಯ ನಾಗರಿಕರೇ," ಎಂದಳು ಅಜ್ಜಿ. "ನಿಮ್ಮ ಅಹವಾಲು ನಮಗೆ ಅಮೂಲ್ಯ."

ಎದಿಲ್ಬೆರ್ತೊ ಪಿಸುಗುಟ್ಟಿದ. "ಡಾಕ್ಟ್ರೇ, ಲೈವ್ ಆಫ್ ಮಾಡ್ಲಾ?"

"ಮಾಡಬೇಡ್ವೋ! ಈಗ ಆಫ್ ಮಾಡಿದ್ರೆ ಕೆಟ್ಟೆ!" ಆಮೇಲೆ ಮೇಯರ್‌ನ ದನಿ ಇಳಿಯಿತು. "ಏನಾಗಬೇಕಮ್ಮಾ?"

"ಗುಂಡಿ ಮುಚ್ಚಿಸು. ಈ ಹುಡುಗಿ ಕೆಲಸಕ್ಕೆ ಕೈ ಹಾಕಬೇಡ. ಭಾನುವಾರ ಊಟಕ್ಕೆ ಬಾ. ಫೋನ್ ತರಬೇಡ."

ಒಂದೊಂದಕ್ಕೂ ಕ್ಯಾಮೆರಾ ಎದುರು ಹೂಂ ಅನ್ನಿಸಿಕೊಂಡಳು. ಆಮೇಲೆ ಕೈ ಕೊಟ್ಟಳು.

"ದೇವರು ಒಳ್ಳೇದು ಮಾಡ್ಲಿ. ಬುದ್ಧೀನೂ ಕೊಡ್ಲಿ."

ಮೇಯರ್ ಆ ಕೈ ಹಿಡಿದು ಅತ್ತ. ನಿಜವಾದ ಅಳುವೋ, ಲೈವ್ ಅಳುವೋ... ಎಷ್ಟೋ ಸುಳ್ಳು ಹಿಡಿದ ನನಗೂ ತಿಳಿಯಲಿಲ್ಲ.

"ನಿನಗೆ ಮುಂಚೆನೇ ಗೊತ್ತಿತ್ತಾ?" ಅಕ್ಕನನ್ನು ಕೇಳಿದೆ.

"ಅಜ್ಜಿ ಕೇಕ್ ತಿಂದಿದ್ದೀನಿ. ಉಂಡ ಮನೆಗೆ ಎರಡು ಬಗೀತಾರೇನೋ?" ಎಂದಳು. ನನ್ನ ಕಿವಿಯಲ್ಲಿದ್ದ ಕೆಸರನ್ನು ಏಪ್ರನ್ನಿನ ತುದಿಯಿಂದ ಒರೆಸಿದಳು.

ತಾಯಿಯ ಕೈ ಹಿಡಿದು ಅತ್ತ ಆ ವಿಡಿಯೋ ದೇಶವೆಲ್ಲ ಸುತ್ತಿತು. ಮೇಯರ್ ಹಿಂದಿನ ಸಲಕ್ಕಿಂತ ಹೆಚ್ಚು ವೋಟಿನಿಂದ ಗೆದ್ದ! ಗುಂಡಿ ಮುಚ್ಚಿತು. ಅಕ್ಕನ ಕೆಲಸ ಉಳಿಯಿತು. ಬೆಳಿಗ್ಗೆ ಹಾರ್ಟ್ ಒತ್ತುವ ಕೆಲಸವೂ ಉಳಿಯಿತು. ಭಾನುವಾರ ಮೇಯರ್ ಊಟಕ್ಕೆ ಹೋದ. ಮಾತು ತಪ್ಪಲಿಲ್ಲ, ಫೋನ್ ತರಲಿಲ್ಲ. ಎದಿಲ್ಬೆರ್ತೊನನ್ನು ಕರೆದುಕೊಂಡು ಬಂದಿದ್ದ, ಅವನ ಮೂರೂ ಫೋನ್ ಸಮೇತ.

ನಿನ್ನೆ ಪೇಜ್‌ನಲ್ಲಿ ಮತ್ತೆ ಗುಲಾಬಿ ಬಂತು. ಸಂತೆ ಬೀದಿಯ ಗುಂಡಿಗೆ ಬರುವ ವಾರ ವರ್ಷ ತುಂಬುತ್ತದೆ.

ಈ ಸಲ ಮೇಣದ ಬತ್ತಿ ನನ್ನದು.