ಹಿಂದೆ ಬಿಸಿ!

"ಟಿಕೆಟ್ ಕಳಿಸಿದ್ದು ನೀನೇನಾ?"

ನಾಟಕದ ಬಣ್ಣದ ಕೋಣೆಯ ಬಾಗಿಲಲ್ಲಿ ಆ ದನಿ ಕೇಳಿದಾಗ ಅವಳ ಕೈಯಲ್ಲಿದ್ದ ಕುಂಚ ಅಲುಗಲಿಲ್ಲ. ಈ ಗಳಿಗೆಗಾಗಿ ಅವಳು ಕನ್ನಡಿ ಮುಂದೆ ಎಷ್ಟು ಅಭ್ಯಾಸ ಮಾಡಿದ್ದಳೋ!

"ಹೌದು. ಮೊದಲ ಸಾಲು, ನಟ್ಟನಡುವಿನ ಕುರ್ಚಿ. ಅಲ್ಲೇ ಕೂತ್ಕೋಬೇಕು. ಮಧ್ಯದಲ್ಲಿ ಎದ್ದು ಹೋಗಬಾರದು."

"ಹೋಗಲ್ಲ," ಅಂದ ಅವನು. ಅವನ ಕಣ್ಣು ಅವಳ ಎಡಗೈ ಮೇಲೆ ಬಿತ್ತು. ಭುಜದಿಂದ ಮುಂಗೈವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು. ಅವಳು ಮುಚ್ಚಿಕೊಳ್ಳಲಿಲ್ಲ.

ನೋಡಲಿ. ಕಣ್ತುಂಬ ನೋಡಲಿ.

"ನಿನ್ ಹತ್ರ ಒಂದ್ ಮಾತು..."

"ಮಾತಾಡೋ ಹೊತ್ತಲ್ಲಿ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಈಗ್ಯಾಕೆ? ಹೋಗಿ ಕೂತ್ಕೋ."

ಅವನು ಹೋದ. ಅವನು ಮರೆಯಾಗುವವರೆಗೂ ಅವಳು ಬಾಗಿಲನ್ನೇ ನೋಡಿದಳು. ಛೇ, ಇಷ್ಟು ದ್ವೇಷಿಸಿದ ಮೇಲೂ ಈ ಹಾಳು ಕಣ್ಣಿಗೆ ಬುದ್ಧಿ ಬಂದಿರಲಿಲ್ಲ.

ಇಬ್ಬರೂ ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ಬೆಂದವರು. ಅವಳ ಕೋಪ ನೋಡಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಅನ್ನುತ್ತಿದ್ದರು. ಅವನ ಗಂಟಲು ಕೇಳಿ ಅವನಿಗೆ ಮೈಕ್‌ಸೆಟ್ ಅಂತ ಹೆಸರಿಟ್ಟಿದ್ದರು. ಕಾದ ಪಾತ್ರೆ ಹಿಡಿದು ಯಾರ ಬೆನ್ನ ಹಿಂದೆ ಹಾಯ್ದರೂ "ಹಿಂದೆ ಬಿಸಿ!" ಅಂತ ಕೂಗಬೇಕು. ಕೂಗು ಕೇಳಿದವರು ತಿರುಗದೆ ಕಟ್ಟೆಗೆ ಒತ್ತಿಕೊಂಡು ನಿಲ್ಲಬೇಕು. ಅಡುಗೆಮನೆಯ ಮೊದಲ ಪಾಠವೇ ಅದು. ಮೈಕ್‌ಸೆಟ್ ಕೂಗಿದರೆ ಹಿತ್ತಲಲ್ಲಿ ಪಾತ್ರೆ ತೊಳೆಯುವ ಅಜ್ಜಿಯೂ ಗೋಡೆಗೆ ಒತ್ತಿಕೊಳ್ಳುತ್ತಿದ್ದಳು.

ದಿನವಿಡೀ ತನ್ನ ಬೆನ್ನು ಕಾಯುವ ಆ ಕೂಗಿನ ಮೇಲೆಯೇ ಅವಳಿಗೆ ಪ್ರೀತಿ ಹುಟ್ಟಿದ್ದು. "ಮನೆಯಲ್ಲಿ ಮಾತಾಡ್ತೀನಿ," ಅಂತ ಅವನೂ ಅಂದಿದ್ದ. ಅಷ್ಟರಲ್ಲಿ ಅವನು ಆಸೆಪಟ್ಟಿದ್ದ ಮುಖ್ಯ ಒಲೆಯ ಜವಾಬ್ದಾರಿ ಅವಳಿಗೆ ಸಿಕ್ಕಿತು. ಅವನ ಮುಖ ಸಣ್ಣದಾಗಿದ್ದನ್ನು ಅವಳು ಕಂಡಳು. ಮರುದಿನವೇ, ಕುದಿಯುವ ಸೂಪಿನ ಹಂಡೆ ಎತ್ತಿಕೊಂಡು ಅವಳ ಹಿಂದೆ ಬಂದವನು ಕೂಗಲೇ ಇಲ್ಲ. ಅವಳು ತಿರುಗಿದಳು...

ಅವಳದೇ ಅಜಾಗರೂಕತೆ ಅಂತ ಮಾಲೀಕ ಕೈತೊಳೆದುಕೊಂಡ.

ಆಸ್ಪತ್ರೆಯಲ್ಲಿ ಅವಳಿಗೆ ಒಂದೇ ಯೋಚನೆ. ಊರಿಗೆಲ್ಲ ಕೇಳುವ ಗಂಟಲು ನನ್ನ ಹಿಂದೆ ಬಂದಾಗ ಮಾತ್ರ ಕಟ್ಟಿಹೋಯಿತಾ? ಹೊಟ್ಟೆಕಿಚ್ಚು, ಬೇರೇನೂ ಅಲ್ಲ! ಅವನು ನೋಡಲು ಬಂದಾಗಲೆಲ್ಲ ಒಳಗೆ ಬಿಡಬೇಡಿ ಅಂದಳು. ಅವನು ಆ ಹೋಟೆಲು ಬಿಟ್ಟು ಬೇರೆ ಕಡೆ ಸೇರಿದ ಅಂತ ಗೊತ್ತಾದಾಗ, ಮುಖ ತೋರಿಸಲಾಗದೆ ಓಡಿದ ಅಂದುಕೊಂಡಳು. ಹಾಸಿಗೆಯಲ್ಲೇ ನಾಟಕ ಬರೆಯಲು ಕೂತಳು.

ಅದನ್ನು ಆಡಿಸಲು ಒಪ್ಪಿದ್ದು ನಾಟಕ ತಂಡ ನಡೆಸುವ ಅವಳ ಚಿಕ್ಕಮ್ಮ. ಒಂದು ವಿಷಯಕ್ಕೆ ಮಾತ್ರ ಇಬ್ಬರಿಗೂ ಜಟಾಪಟಿ.

"ಕೊನೆಯಲ್ಲಿ ಅವನ ಕಡೆ ಬೆರಳು ತೋರ್ಸಿ, ಇವನೇ ನನ್ನ ಸುಟ್ಟವನು ಅನ್ನೋದು ಬೇಕೇನೇ? ಊರಿನ ಅಡುಗೆಯವರೆಲ್ಲ ಬಂದಿರ್ತಾರೆ. ಆಮೇಲೆ ಅವನನ್ನ ಯಾವ ಒಲೆ ಹತ್ರಾನೂ ಸೇರಿಸಲ್ಲ."

"ಅದಕ್ಕೇ ಬರೆದಿದ್ದು, ಚಿಕ್ಕಮ್ಮ."

ಅಡುಗೆಯವರಿಗೆ ಬಿಡುವಿರುವುದು ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ. ನಾಟಕವನ್ನೂ ಆ ಹೊತ್ತಿಗೇ ಇಟ್ಟಿದ್ದರು. ಈರುಳ್ಳಿ ವಾಸನೆ ಹೊತ್ತೇ ಎಲ್ಲರೂ ಬಂದರು. ಅರ್ಧ ಜನ ಕೂತಲ್ಲೇ ತೂಕಡಿಸಿದರು. ತನ್ನ ಹೋಟೆಲಿನ ಮೇಲೆ ನಾಟಕ ಅಂತ ಕೇಳಿ ಮಾಲೀಕ ಹೆಂಡತಿಯ ಜೊತೆ ಮೊದಲ ಸಾಲಿಗೇ ಬಂದು ಕೂತಿದ್ದ. ಪುಕ್ಕಟೆ ಪ್ರಚಾರ ಯಾರಿಗೆ ಬೇಡ?

ಪರದೆ ಎದ್ದಿತು. ಫ್ರಿಜ್ಜಿಗೆ ಒರಗಿ ನಿಂತೇ ನಿದ್ದೆ ಹೊಡೆಯುವ ಪಾತ್ರ ಬಂದಾಗ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. "ನಾವೆಲ್ಲ ಒಂದೇ ಕುಟುಂಬ, ಅದಕ್ಕೇ ರಜೆ ಕೇಳಬೇಡಿ," ಅಂತ ನಾಟಕದ ಮಾಲೀಕ ಅಂದಾಗ ಹಿಂದಿನ ಸಾಲು ಬಿದ್ದು ಬಿದ್ದು ನಕ್ಕಿತು. ನಿಜವಾದ ಮಾಲೀಕನೂ ಚಪ್ಪಾಳೆ ತಟ್ಟಿದ, ಪಾಪ.

ಕೊನೆಗೆ ಆ ದೃಶ್ಯ ಬಂತು.

ಅವಳು ಬೆನ್ನು ಹಾಕಿ ನಿಂತಿದ್ದಳು. ಹಬೆಯಾಡುವ ಹಂಡೆ ಹಿಡಿದು ನಟ ಹಿಂದಿನಿಂದ ಬರುತ್ತಿದ್ದ, ಸದ್ದಿಲ್ಲದೆ. ಅವಳು ಈಗ ತಿರುಗಬೇಕು, ಬೀಳಬೇಕು, ಬೆರಳು ಎತ್ತಬೇಕು. ಎಷ್ಟು ಕಾದಿದ್ದೆ ಇದಕ್ಕೆ...

"ಹಿಂದೆ ಬಿಸಿ!"

ಇಡೀ ಸಭಾಂಗಣ ನಡುಗಿತು.

ಅವನು ಎದ್ದು ನಿಂತಿದ್ದ. ಅವಳ ಮನಸ್ಸಿಗೆ ತಿಳಿಯುವ ಮೊದಲೇ ಮೈ ಕಟ್ಟೆಗೆ ಒತ್ತಿಕೊಂಡಿತ್ತು. ಏನು ಮಾಡಬೇಕೆಂದು ತೋಚದ ನಟ ಹಂಡೆಯ ಸಮೇತ ಸೀದಾ ನಡೆದು ಪರದೆಯ ಹಿಂದೆ ಹೋಗಿಬಿಟ್ಟ.

ಅವಳಿಗೆ ಮೈಯೆಲ್ಲ ಉರಿಯಿತು. ನನ್ನ ಸೇಡನ್ನೂ ಕಿತ್ಕೊಂಡನಲ್ಲ! ದಡದಡನೆ ರಂಗದ ಅಂಚಿಗೆ ಬಂದಳು.

"ಈಗ ಕೂಗ್ತೀಯಾ? ಅವತ್ತು ಯಾಕೆ ಕೂಗ್ಲಿಲ್ಲ? ಎಲ್ಲರ ಮುಂದೆ ಹೇಳು."

"ಕೂಗಬಾರದು ಅಂತ ಮಾಲೀಕರು ಹೇಳಿದ್ರು," ಅಂದ ಅವನು. "ಗಾಜಿನ ಗೋಡೆ ಹಾಕಿಸಿದೀವಿ, ಗಿರಾಕಿಗಳಿಗೆ ಅಡುಗೆಮನೆ ಕಾಣುತ್ತೆ, ಕಿರುಚಾಟ ಬೇಡ, ಬಾಯಿ ತೆಗೆದವರು ಮನೆಗೆ ಹೋಗಿ ಅಂತ. ಅವತ್ತು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸ್ಕೊಂಡು ಹೇಳಿದ್ರು."

"ನಂಗ್ಯಾರೂ ಹೇಳ್ಲಿಲ್ಲ."

"ನೀನು ಉಗ್ರಾಣದಲ್ಲಿ ಹಿಟ್ಟಿನ ಮೂಟೆ ಮೇಲೆ ಮಲಗಿದ್ದೆ. ಎರಡು ಪಾಳಿ ಒಟ್ಟಿಗೆ ಮಾಡಿದ್ದೆ. ಎಬ್ಬಿಸಬೇಡಿ ಅಂತ ನಾನೇ ಅಂದೆ. ಆಮೇಲೆ ಹೇಳೋಣ ಅಂದ್ಕೊಂಡೆ... ಆರ್ಡರ್‌ಗಳು ಶುರುವಾದ್ವು. ಮರೆತೆ."

ಅವಳಿಗೆ ನೆನಪಾಯಿತು. ಆ ದಿನ ಎದ್ದಾಗ ತಲೆ ಕೆಳಗೆ ಮಡಚಿಟ್ಟ ಏಪ್ರನ್ ಇತ್ತು. ಯಾರದು ಅಂತ ನೋಡುವಷ್ಟೂ ಪುರುಸೊತ್ತಿರಲಿಲ್ಲ.

"ಹಂಡೆ ಎತ್ಕೊಂಡಾಗ ಕೂಗು ಬಾಯಿ ತನಕ ಬಂದಿತ್ತು," ಅಂದ ಅವನು. "ಕೆಲಸ ಹೋಗುತ್ತೆ ಅಂತ ನುಂಗ್ಕೊಂಡೆ. ನಾಟಕದಲ್ಲಿ ತೋರಿಸಿದ ಹಾಗೆ ಹೊಟ್ಟೆಕಿಚ್ಚಲ್ಲ ಅದು, ಹೇಡಿತನ. ನನ್ನ ಕಡೆ ಬೆರಳು ತೋರ್ಸು, ಇವನೇ ಅಂತ ಎಲ್ಲರಿಗೂ ಹೇಳು. ಅದಕ್ಕೇ ಬಂದಿದೀನಿ."

ಅವಳ ಬೆರಳು ಎದ್ದಿತು. ಅವನ ಎದೆಗೆ ನೇರವಾಗಿ ನಿಂತಿತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

"ಇವರೇ ನನ್ನ ಸುಟ್ಟವರು."

ಮಾಲೀಕ ತಡಬಡಾಯಿಸಿ ಎದ್ದ. "ಇದೆಲ್ಲ ನಾಟಕ... ಸುಳ್ಳು... ಏಳು, ಹೋಗೋಣ," ಅಂತ ಹೆಂಡತಿಗೆ ಅಂದ. ಆಕೆ ಏಳಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಕೂತಳು.

ಮಾಲೀಕನೊಬ್ಬನೇ ಬಾಗಿಲ ಕಡೆ ಹೊರಟ. ಕೊನೆಯ ಸಾಲಿನಲ್ಲಿ ಪಾತ್ರೆ ತೊಳೆಯುವ ಅಜ್ಜಿ ಎದ್ದು ನಿಂತಳು.

"ಹಿಂದೆ ಬಿಸಿ!"

ಅವಳ ಪಕ್ಕದ ತರಕಾರಿ ಹೆಚ್ಚುವವನು ಎದ್ದ. "ಹಿಂದೆ ಬಿಸಿ!" ಆಮೇಲೆ ಸಾಲಿಗೆ ಸಾಲೇ ಎದ್ದಿತು. ಅಷ್ಟು ದಿನ ನುಂಗಿದ ಕೂಗೆಲ್ಲ ಒಟ್ಟಿಗೆ ಹೊರಬಂತು. ಮಾಲೀಕ ಹೆಜ್ಜೆ ಹೆಜ್ಜೆಗೂ ಬೆಚ್ಚಿಬಿದ್ದು ಗೋಡೆಗೆ ಒತ್ತಿಕೊಳ್ಳುತ್ತ ಹೊರಗೆ ಓಡಿದ. ಆ ಸಂಜೆ ಆ ಹೋಟೆಲಿನ ಒಲೆ ಹೊತ್ತಿಸಲು ಒಬ್ಬರೂ ಹೋಗಲಿಲ್ಲ.

ಬಣ್ಣದ ಕೋಣೆಯಲ್ಲಿ ಅವಳು ಕಟ್ಟೆಯ ಮೇಲಿನ ಕನ್ನಡಿಗೆ ಬಾಗಿ ಮುಖ ಒರೆಸಿಕೊಳ್ಳುತ್ತಿದ್ದಳು. ಅಳುತ್ತಲೂ ಇದ್ದಳು.

"ಹಿಂದೆ... ಬಿಸಿ," ಅಂತ ಬಲು ಮೆಲ್ಲಗೆ ಒಂದು ದನಿ ಕೇಳಿಸಿತು.

ಅವಳು ಕಟ್ಟೆಗೆ ಒತ್ತಿಕೊಳ್ಳಲಿಲ್ಲ. ತಿರುಗಿದಳು. ಅವನು ಗಾಬರಿಯಿಂದ ಎರಡು ಲೋಟ ಚಹಾ ಹಿಂದಕ್ಕೆಳೆದ. ಅರ್ಧ ಅವನ ಕೈ ಮೇಲೇ ಚೆಲ್ಲಿತು.

"ಕೂಗಿದ ಮೇಲೂ ತಿರುಗ್ತಾರಾ ಯಾರಾದ್ರೂ?"

"ಸುಟ್ಟಿತಾ?"

"ಹೂಂ."

"ಒಳ್ಳೇದಾಯ್ತು," ಅಂದವಳು ಅವನ ಕೈ ಹಿಡಿದು ನಲ್ಲಿಯ ಕೆಳಗೆ ಇಟ್ಟಳು. ನೀರು ಹರಿಯುತ್ತಲೇ ಇತ್ತು. ಇಬ್ಬರೂ ಕೈ ತೆಗೆಯಲಿಲ್ಲ.

"ನಿನ್ನ ಕ್ಷಮಿಸಿಲ್ಲ ನಾನು."

"ಗೊತ್ತು."

"ಶಿಕ್ಷೆ ಇದೆ. ಇನ್ಮೇಲೆ ನನ್ನ ಹಿಂದೆ ಬಂದಾಗಲೆಲ್ಲ ಕೂಗಬೇಕು. ಮನೆಯಲ್ಲೂ."

"ಯಾರ ಮನೆಯಲ್ಲಿ?"

"ಮಾತಾಡ್ತೀನಿ ಅಂದಿದ್ದೆಯಲ್ಲ... ಆ ಮನೆಯಲ್ಲಿ."

ಮೈಕ್‌ಸೆಟ್ಟಿನ ಗಂಟಲಿನಿಂದ ಸದ್ದೇ ಹೊರಡಲಿಲ್ಲ. ಬರೀ ತಲೆಯಾಡಿಸಿದ.

"ಮತ್ತೆ ನುಂಗ್ಕೊಳ್ತಿದ್ದೀಯಾ? ಬಾಯಿ ಬಿಟ್ಟು ಹೇಳು."

"ಮದುವೆ ಆಗ್ತೀಯಾ?"

ಕಿಟಕಿಯ ಗಾಜು ಅದುರಿತು. ಪಕ್ಕದ ಕೋಣೆಯಿಂದ ಚಿಕ್ಕಮ್ಮ, "ಆಗ್ತಾಳೆ ಕಣಪ್ಪಾ, ಸ್ವಲ್ಪ ಮೆಲ್ಲಗೆ ಮಾತಾಡು," ಅಂದಳು.

ಮೆಣಸಿನಕಾಯಿ ಸುಟ್ಟ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕಳು.

"ಮೆಲ್ಲಗೆ ಬೇಡ. ಇನ್ನೊಂದ್ಸಲ ಕೂಗು."