ಫೋನ್ ಇದ್ದ ಜಾಗ, ಅವಳಿದ್ದ ಜಾಗ

"ನನ್ನ ಫೋನ್ ಎಲ್ಲಿತ್ತು ಅಂತ ಕದ್ದು ನೋಡೋಕೆ ನಿನಗೆ ಯಾರು ಹೇಳಿದ್ದು?"

ಅವಳು ದೂಡಿದ ರಭಸಕ್ಕೆ ನೆಟ್‌ವರ್ಕ್ ಕೋಣೆಯ ಬಾಗಿಲು ಗೋಡೆಗೆ ಬಡಿದು ವಾಪಸ್ ಬಂತು. ಒಳಗೆ ಅವನೊಬ್ಬನೇ ಇದ್ದ. ಆಸ್ಪತ್ರೆಯ ವೈಫೈ, ಕಂಪ್ಯೂಟರ್ ಎಲ್ಲವನ್ನೂ ನೋಡಿಕೊಳ್ಳುವವನು. ನಿನ್ನೆ ಸಂಜೆಯವರೆಗೆ ಅವಳನ್ನು ಮದುವೆಯಾಗಬೇಕಿದ್ದವನು!

ಸಂಜೆ ಅವನಿಂದ ಒಂದು ಮೆಸೇಜು ಬಂದಿತ್ತು. 'ಮಧ್ಯಾಹ್ನ ಪೂರ್ತಿ ನೀನು ಎಕ್ಸ್-ರೇ ಡಾಕ್ಟರ್ ಕೋಣೆಯಲ್ಲಿದ್ದೆ, ನಿನ್ನ ಫೋನ್ ಎಲ್ಲಿತ್ತು ಅಂತ ವೈಫೈಯಲ್ಲಿ ನೋಡಿದೆ. ಈ ಮದುವೆ ಬೇಡ.' ಆಮೇಲೆ ಫೋನೂ ಎತ್ತಿಲ್ಲ, ಮಹಾರಾಯ! ಮನೆಯಲ್ಲಿ ಅಮ್ಮ ಅತ್ತು ಅತ್ತು ಸುಸ್ತಾಗಿದ್ದಾಳೆ. ಅಪ್ಪ ಊಟ ಮುಟ್ಟಿಲ್ಲ.

"ಆ ಡಾಕ್ಟರ್ ಹಿಂದೆ ನಿನ್ನನ್ನ ಮದುವೆಗೆ ಕೇಳ್ಕೊಂಡು ಮನೆಗೆ ಬಂದಿದ್ದವನು ತಾನೇ?" ಅವನ ದನಿಯೂ ಏರಿತು. "ಎಷ್ಟು ಸಲ ಫೋನ್ ಮಾಡಿದ್ರೂ ನೀನು ಎತ್ತಲಿಲ್ಲ. ಇಲ್ಲಿ ನೋಡಿದ್ರೆ, ಅವನ ಬಾಗಿಲ ಹತ್ರ ಇರೋ ವೈಫೈ ಡಬ್ಬಿಗೆ ನಿನ್ನ ಫೋನ್ ಸೇರ್ಕೊಂಡಿತ್ತು! ನಾನೇನು ಅಂದ್ಕೋಬೇಕು?"

"ಕೇಳಬೇಕು! ಬಾಯಿ ಇದೆಯಲ್ಲ, ಕೇಳಬೇಕು!"

ಅಯ್ಯೋ, ಇವನಿಗೆ ಹೇಗಪ್ಪಾ ತಿಳಿಸೋದು... ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇವನ ಮುಂದೆ ಅಳುವುದೇ? ಸಾಧ್ಯವೇ ಇಲ್ಲ!

ಫೋನನ್ನು ಮೇಜಿನ ಮೇಲೆ ಕುಕ್ಕಿದಳು.

"ಸರಿ. ಈಗ ನಾನು ಎಲ್ಲಿದ್ದೀನಿ ಅಂತ ನೋಡು. ನಾನೇ ಹೇಳ್ತಿದ್ದೀನಿ, ನೋಡು."

ಅವನು ಕೀಲಿ ಒತ್ತಿದ. ಪರದೆ ನೋಡಿದ. ಮತ್ತೊಮ್ಮೆ ಒತ್ತಿದ.

"ಹೇಳು."

"ಹೆ... ಹೆರಿಗೆ ವಾರ್ಡು."

"ಭೇಷ್! ಮಗು ಗಂಡೋ ಹೆಣ್ಣೋ, ಅದನ್ನೂ ನೋಡ್ಬಿಡು!"

ಅವನು ನಿಧಾನವಾಗಿ ತಲೆಯೆತ್ತಿ ಸೂರು ನೋಡಿದ. ಹೆರಿಗೆ ವಾರ್ಡ್ ಇದ್ದದ್ದು ಸರಿಯಾಗಿ ಈ ಕೋಣೆಯ ಮೇಲೆ. ಸಿಗ್ನಲ್ ಚೆನ್ನಾಗಿ ಸಿಕ್ಕ ಡಬ್ಬಿಗೆ ಫೋನು ಅಂಟಿಕೊಳ್ಳುತ್ತದೆ; ಅದು ಯಾವ ಮಹಡಿಯದ್ದಾದರೂ ಸರಿ. ಎಲ್ಲರಿಗೂ ತಾನೇ ಹೇಳಿಕೊಡುವ ಈ ಮಾತು ಹೊಟ್ಟೆಕಿಚ್ಚಿನಲ್ಲಿ ಅವನಿಗೇ ಮರೆತುಹೋಗಿತ್ತು.

"ಆ ಡಾಕ್ಟರ್ ಕೋಣೆ ಕೆಳಗೆ... ನಿನ್ನ ಫಿಸಿಯೋಥೆರಪಿ ಕೋಣೆ..."

"ಹೌದು, ನಾನು ಕೆಲಸ ಮಾಡೋ ಜಾಗ! ಲಕ್ವ ಹೊಡೆದಿದ್ದ ಅಜ್ಜಿ ನಿನ್ನೆ ಮೊದಲ ಸಲ ಎದ್ದು ನಿಂತ್ರು. ಅವರ ಎರಡೂ ಕೈ ಹಿಡ್ಕೊಂಡಿದ್ದೆ. ಫೋನ್ ಹೇಗೆ ಎತ್ತಲಿ? ನಿನಗೇ ಮೊದಲು ಹೇಳೋಣ ಅಂತ ಆಮೇಲೆ ಫೋನ್ ತೆಗೆದ್ರೆ... ನಿನ್ನ ಮೆಸೇಜು!"

ಈಗ ಅವಳ ಕಣ್ಣು ತುಂಬಿಯೇ ಬಂತು.

"ತಪ್ಪಾಯ್ತು ಕಣೇ. ನೋಡಿದ್ದೇ ತಪ್ಪು. ನೀನು ನಿಜವಾಗ್ಲೂ ಅಲ್ಲೇ ಇದ್ದಿದ್ರೂ, ಹಾಗೆ ನೋಡೋ ಹಕ್ಕು ನನಗಿರಲಿಲ್ಲ. ಹೀಗೆ ಮಾಡಿದೆ ಅಂತ ನಮ್ಮ ಮೇಲಧಿಕಾರಿಗೂ ಇವತ್ತೇ ಹೇಳ್ತೀನಿ. ನಿನ್ನ ಕಳ್ಕೋತೀನೇನೋ ಅಂತ ಭಯ ಆಯ್ತು... ನೀನಂದ್ರೆ ಅಷ್ಟು ಇಷ್ಟ ನನಗೆ."

"ಅಷ್ಟಕ್ಕೇ ಕರಗೋಕೆ ನಾನೇನು ಬೆಣ್ಣೆಯಾ? ಅಪ್ಪನಿಗೆ ಫೋನ್ ಮಾಡು. ಬೇಡ ಅಂದವನು ನೀನು, ನೀನೇ ಹೇಳು."

ಅವನು ಸ್ಪೀಕರ್ ಹಾಕಿ ಫೋನ್ ಮಾಡಿದ.

"ಮಾವ... ತಪ್ಪೆಲ್ಲ ನಂದೇ. ಸುಮ್ಮಸುಮ್ಮನೆ ಅವಳ ಮೇಲೆ ಅನುಮಾನ ಪಟ್ಟೆ. ಅವಳು ಒಪ್ಪಿದ್ರೆ ನನಗೆ ಈ ಮದುವೆ ಬೇಕು."

"ಅವಳು ಈಗ ಎಲ್ಲಿದ್ದಾಳೆ?" ಅಪ್ಪ ಕೇಳಿದರು.

ಅವನು ಅವಳನ್ನೇ ನೋಡಿದ. "ಇಲ್ಲೇ... ನನ್ನೆದುರಿಗೇ ಇದ್ದಾಳೆ, ಮಾವ."

"ಬೈತಿದ್ದಾಳಾ?"

"ತುಂಬಾ."

"ಹಾಗಾದ್ರೆ ಬಿಟ್ಟು ಹೋಗಲ್ಲ ಬಿಡಪ್ಪಾ. ಬೇಡ ಅನಿಸಿದವರ ಹತ್ರ ಅವಳು ಮಾತೇ ಆಡಲ್ಲ."

"ಅಪ್ಪಾ!" ಅವಳು ಫೋನ್ ಕಿತ್ತುಕೊಂಡು ಕಟ್ ಮಾಡಿದಳು. ಕೆನ್ನೆಯೆಲ್ಲ ಕೆಂಪು.

"ಹೌದಾ?" ಅವನು ಮೆಲ್ಲಗೆ ಕೇಳಿದ.

"ಹೌದು... ಆದ್ರೆ ಬೈಯೋದು ಇನ್ನೂ ಮುಗಿದಿಲ್ಲ. ಕೂತ್ಕೋ!"